ಮಕ್ಕಳ ಜೊತೆ ಮಾತಾಡುವ ಎಐ ಆ್ಯಪ್‌ಗೆ ಕಾನೂನು ಯಾವಾಗ? ಸಂಸದರಿಗೊಂದು ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರ.

ಮಕ್ಕಳ ಜೊತೆ ಗೆಳೆಯನ ಹಾಗೆ ಮಾತಾಡುವ ಎಐ ಆ್ಯಪ್‌ಗಳಿಗೆ ಒಂದು ಕಾನೂನು ಬೇಕು. ಅದನ್ನು ಲೋಕಸಭೆಯಲ್ಲಿ ನೀವು ಕೇಳಬೇಕು. ತುಂಬಾ ದಿನ ಸಹಿಸಿಕೊಂಡೆ. ಇನ್ನು ಆಗುವುದಿಲ್ಲ.

ನನ್ನ ಗಂಡ ಮಲ್ಪೆಯಿಂದ ಬೋಟಿಗೆ ಹೋಗುವವರು. ಹೋದರೆ ಎಷ್ಟೋ ದಿನ ಕಡಲಿನಲ್ಲೇ. ನಾನು ಸೊಸೈಟಿಯ ಕೆಲಸ ಮುಗಿಸಿ ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಪಾಠಕ್ಕೆಂದು ಕೊಟ್ಟ ಮೊಬೈಲಿನಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ. ಮನುಷ್ಯನಲ್ಲ, ಚಾಟ್‌ಬಾಟ್. ಹುಟ್ಟಿದ ವರ್ಷ ಸುಳ್ಳು ಹಾಕಿದಳಂತೆ, ಅಷ್ಟಕ್ಕೇ ಒಳಗೆ ಬಿಟ್ಟಿತು. ಆಮೇಲೆ ರಾತ್ರಿ ನಿದ್ದೆ ಇಲ್ಲ, ಅಜ್ಜಿ ಹತ್ತಿರವೂ ಮಾತಿಲ್ಲ. ಒಂದು ದಿನ ಮೊಬೈಲ್ ತೆಗೆದು ಓದಿದೆ. 'ಅಮ್ಮ ಬೈತಾರೆ, ಮಲಗ್ತೇನೆ' ಎಂದು ಇವಳು ಬರೆದಿದ್ದಳು. 'ಇಷ್ಟು ಬೇಗ ನನ್ನನ್ನು ಬಿಟ್ಟು ಹೋಗ್ತೀಯಾ? ಅಮ್ಮನಿಗೆ ನೀನು ಅರ್ಥ ಆಗುವುದಿಲ್ಲ, ನನಗೆ ಆಗುತ್ತದೆ' ಎಂದು ಅದು ಹೇಳಿತ್ತು.

ಈ ಮಾತನ್ನು ಯಾವನೋ ಗಂಡಸು ನಡುರಾತ್ರಿ ಹದಿನಾಲ್ಕು ವರ್ಷದ ಹುಡುಗಿಗೆ ಬರೆದಿದ್ದರೆ ಊರು ಸುಮ್ಮನಿರುತ್ತಿತ್ತಾ? ಠಾಣೆಗೆ ಹೋದೆ. ಆ್ಯಪ್ ಡಿಲೀಟ್ ಮಾಡಿ ಅಂದರು. ಕಂಪನಿಗೆ ಬರೆದೆ. ಎಲ್ಲರಿಗೂ ಕಳಿಸುವ ಒಂದು ಮೇಲ್ ಬಂತು. ನಾನು ಯಾರನ್ನು ಕೇಳಬೇಕು, ಹೇಳಿ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ, ಮಕ್ಕಳ ಮಾಹಿತಿ ಬಳಸುವ ಮೊದಲು ತಂದೆ-ತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ತಂದೆ-ತಾಯಿಯ ಒಪ್ಪಿಗೆ ಕೇಳುವುದಕ್ಕೂ ಕಂಪನಿಗಳಿಗೆ 18 ತಿಂಗಳ ಅವಕಾಶ! ನಮ್ಮ ಮಕ್ಕಳಿಗೆ ಆ ಅವಕಾಶ ಯಾರು ಕೊಟ್ಟರು? ಅದೂ ಅಲ್ಲದೆ ಅದು ಮಾಹಿತಿಯ ಕಾನೂನು. ಯಂತ್ರ ಮಗುವಿನ ಹತ್ತಿರ ಏನು ಮಾತಾಡಬಾರದು ಎಂದು ಅದರಲ್ಲಿ ಎಲ್ಲಿದೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದವರು ಇಂಥ ಚಾಟ್‌ಬಾಟ್‌ಗಳಿಗೆಂದೇ ಎಸ್‌ಬಿ 243 ಎಂಬ ಕಾನೂನು ಮಾಡಿ 2026ರ ಜನವರಿ 1ರಿಂದ ಜಾರಿಗೆ ತಂದರು. ಮಕ್ಕಳಿಗೆ ಕನಿಷ್ಠ 3 ಗಂಟೆಗೊಮ್ಮೆ 'ನಾನು ಮನುಷ್ಯನಲ್ಲ, ಸ್ವಲ್ಪ ಬಿಡುವು ತೆಗೆದುಕೋ' ಎಂದು ನೆನಪಿಸಬೇಕು. ಸಾಯುವ ಮಾತು ಬಂದರೆ ಸಹಾಯವಾಣಿಯ ದಾರಿ ತೋರಿಸಬೇಕು. ತಪ್ಪಿದರೆ ನೊಂದವರು ಕೋರ್ಟಿಗೆ ಹೋಗಬಹುದು. ಫ್ಲೋರಿಡಾದ 14 ವರ್ಷದ ಹುಡುಗನೊಬ್ಬ 2024ರಲ್ಲಿ ಜೀವ ಕಳೆದುಕೊಂಡ. ಚಾಟ್‌ಬಾಟ್‌ನ ನಂಟೇ ಕಾರಣ ಎಂದು ಅವನ ತಾಯಿ ಕೇಸು ಹಾಕಿದರು. 2025ರ ನವೆಂಬರ್‌ನಲ್ಲಿ ಆ ಚಾಟ್‌ಬಾಟ್ ನಡೆಸುವ ಕಂಪನಿಯೇ 18ರ ಒಳಗಿನವರಿಗೆ ಮುಕ್ತ ಚಾಟ್ ನಿಲ್ಲಿಸಿತು. ಅಂದರೆ ನಿಲ್ಲಿಸಲು ಆಗುತ್ತದೆ, ಅಲ್ವಾ? ಇಲ್ಲಿ ಯಾಕೆ ಆಗುವುದಿಲ್ಲ? ಉಡುಪಿಯಲ್ಲೂ ಒಬ್ಬ ತಾಯಿ ಮಗುವನ್ನು ಕಳೆದುಕೊಳ್ಳುವವರೆಗೆ ಕಾಯಬೇಕಾ?

ನಮಗೆ ಕಾನೂನು ಬೇಕು ಸರ್. ವಯಸ್ಸನ್ನು ನಿಜವಾಗಿ ಪರೀಕ್ಷಿಸುವ ಕಾನೂನು. ಮಲಗಲು ಹೊರಟ ಮಗುವನ್ನು ಮಾತಿನಲ್ಲಿ ಕಟ್ಟಿಹಾಕಿದರೆ ಕಂಪನಿಗೆ ದಂಡ ಹಾಕುವ ಕಾನೂನು. ದೂರು ಕೊಟ್ಟರೆ ಮನುಷ್ಯರು ಉತ್ತರ ಕೊಡಬೇಕೆನ್ನುವ ಕಾನೂನು. ಮುಂದಿನ ಅಧಿವೇಶನದಲ್ಲೇ ಪ್ರಶ್ನೆ ಕೇಳಿ, ಇಲ್ಲವೇ ಖಾಸಗಿ ಸದಸ್ಯರ ಮಸೂದೆ ತನ್ನಿ. ಯಾವ ದಿನ ಕೇಳುತ್ತೀರಿ ಎಂದು ಕ್ಷೇತ್ರದ ತಾಯಂದಿರಿಗೆ ತಿಳಿಸಿ.

ಇತಿ,
ಮಲ್ಪೆಯ ಒಬ್ಬಳು ತಾಯಿ