ಶಾಲೋಮ್ ಅಂದ್ರೆ ಬರೀ ಶಾಂತಿ ಅಲ್ಲ, ಕ್ಷೇಮ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣೀಲಿ ಯಾವ್ಯಾವ ದೇಶದವರು ಎದುರು ಸಿಕ್ಕಾಗ ಏನಂತಾರೆ ಅನ್ನೋ ಬರಹ ಹಾಕಿದ್ರಿ, ಖುಷಿಯಿಂದ ಓದಿದೆ. ಆದ್ರೆ ಹೀಬ್ರೂ ಭಾಷೆಯ ಶಾಲೋಮ್ ಬಗ್ಗೆ ಇದ್ದಿದ್ದು ಒಂದೇ ಸಾಲು, ಅದು ಶಾಂತಿ ಅಂತ, ಯುದ್ಧ ಬೇಡ ಅನ್ನೋ ಹಾರೈಕೆ ಅಂತ. ಅಷ್ಟು ದೊಡ್ಡ ಪದಾನ ಅಷ್ಟಕ್ಕೇ ಮುಗಿಸಿಬಿಟ್ರಲ್ಲ ಅಂತ ಬೇಜಾರಾಯ್ತು, ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ದಿದ್ರೆ ಕತ್ತರಿಸಿ, ಆದ್ರೆ ಕ್ಷೇಮ ಅನ್ನೋ ಮಾತು ಇರೋ ಕಡೆ ಕತ್ತರಿಸಬೇಡಿ.

ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟು ರಿಟೈರ್ ಆದವಳು. ಲಿಂಗರಾಜಪುರದ ನಮ್ಮ ಬೀದೀಲೇ ಒಬ್ಬರು ವಯಸ್ಸಾದ ಅಯ್ಯನೋರಿದ್ರು, ಅಂದ್ರೆ ಚರ್ಚಿನ ಸಭಾಪಾಲಕರು, ಅವರ ಮನೆ ವರಾಂಡದಲ್ಲಿ ವಾರಕ್ಕೆ ಎರಡು ಸಂಜೆ ಕೂತು ಎರಡು ವರ್ಷ ಹೀಬ್ರೂ ಕಲಿತೆ, ಬಲಗಡೆಯಿಂದ ಎಡಕ್ಕೆ ಬರಿಯೋದು ಕೈಗೆ ಹತ್ತೋಕೇ ಮೂರು ತಿಂಗಳು ಹಿಡೀತು. ನಾನು ಅವರ ಧರ್ಮದವಳಲ್ಲ, ಅವರು ಅದನ್ನ ಒಂದಿನಾನೂ ಎತ್ತಲಿಲ್ಲ. ಮೊದಲನೇ ದಿನ ಬೋರ್ಡ್ ಮೇಲೆ ಶ, ಲ, ಮ ಅಂತ ಮೂರು ವ್ಯಂಜನ, ಅಂದ್ರೆ ಶಾಲೋಮ್ ಪದದ ಬೇರು, ಬರೆದು, "ಮೇಡಂ, ಇದರ ಮುಂದೆ ಶಾಂತಿ ಅಂತ ಬರ್ಕೋಬೇಡಿ, ಆಮೇಲೆ ಅಳಿಸೋದು ಕಷ್ಟ" ಅಂದ್ರು.

ಯಾಕೆ ಅಂತ ಗೊತ್ತಾಗೋಕೆ ಬೈಬಲಿನ ದಾವೀದ ರಾಜನ ಕಥೆ ಸಾಕು. ಅದರ ಎರಡನೇ ಸಮುವೇಲ ಅನ್ನೋ ಪುಸ್ತಕದ 11ನೇ ಅಧ್ಯಾಯದಲ್ಲಿ ಊರೀಯ ಅನ್ನೋ ಸೈನಿಕ ರಣರಂಗದಿಂದ ಬರ್ತಾನೆ, ದಾವೀದ ಅವನ ಹತ್ರ ಸೇನಾಪತಿಯ ಶಾಲೋಮ್ ವಿಚಾರಿಸ್ತಾನೆ, ಸೈನಿಕರ ಶಾಲೋಮ್ ವಿಚಾರಿಸ್ತಾನೆ, ಕೊನೆಗೆ ಯುದ್ಧದ ಶಾಲೋಮ್ ವಿಚಾರಿಸ್ತಾನೆ. ಯುದ್ಧದ ಶಾಂತಿ! ಅದಕ್ಕೇನು ಅರ್ಥ? ಅವನು ಕೇಳಿದ್ದು ಯುದ್ಧ ಹೇಗೆ ನಡೀತಿದೆ, ಎಲ್ಲಾ ಸರಿಯಾಗಿದೆಯಾ ಅಂತ. (ಹಾಗೆ ಕ್ಷೇಮ ಕೇಳಿದ ದಾವೀದನೇ ಆಮೇಲೆ ಊರೀಯನ್ನ ಸಾಯಿಸ್ತಾನೆ, ಆ ಅಧ್ಯಾಯ ಓದಿದಾಗೆಲ್ಲ ನಂಗೆ ಸಂಕಟ ಆಗುತ್ತೆ.) ಹೀಬ್ರೂವಿನಲ್ಲಿ ಶಾಲೋಮ್ ಕೇಳೋದು ಅಂತಾನೇ ಒಂದು ನುಡಿಗಟ್ಟಿದೆ, ಅದಕ್ಕೆ ನಮ್ಮಲ್ಲಿ ತಕ್ಕಂತೆ ಇರೋದು ಯೋಗಕ್ಷೇಮ ವಿಚಾರಿಸೋದು. ಯೋಗ ಅಂದ್ರೆ ಇಲ್ಲದ್ದು ಸಿಗೋದು, ಕ್ಷೇಮ ಅಂದ್ರೆ ಸಿಕ್ಕಿದ್ದು ಉಳಿಯೋದು ಅಂತ ನಮ್ಮ ಹಳೇ ವ್ಯಾಖ್ಯಾನಕಾರರು ಬಿಡಿಸಿ ಹೇಳಿದಾರೆ, ಎಲ್ಐಸಿ ಲಾಂಛನದ ಕೆಳಗೆ ಇರೋದೂ ಅದೇ ಮಾತು. ಶಾಲೋಮ್ ಬೇರಿನಲ್ಲೂ ಇರೋದು ಇದೇ, ಏನೂ ಕೊರತೆ ಇಲ್ಲದೆ ಇಡಿಯಾಗಿ ಇರೋದು.

ಬೈಬಲಿನಲ್ಲೇ ಯಾಕೋಬ ಅನ್ನೋನು ಊರು ಬಿಟ್ಟು ಓಡಿಬಂದು ಹಾರಾನ್ ಅನ್ನೋ ಊರಿನ ಬಾವಿ ಹತ್ರ ನಿಂತು ಕುರಿ ಕಾಯೋರನ್ನ ಕೇಳೋದು ಏನು ಗೊತ್ತಾ, ಲಾಬಾನನಿಗೆ ಶಾಲೋಮಾ ಅಂತ. ಅವರು ಶಾಲೋಮ್ ಅಂತಾರೆ, ಅಗೋ ಅವನ ಮಗಳು ಬರ್ತಿದಾಳೆ ಅಂತಾರೆ. ಲಾಬಾನ ಅವನಿಗೆ ಸೋದರಮಾವ! ನಮ್ಮ ಕಡೆ ಬಸ್ ಇಳಿದು ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ "ನಮ್ಮ ಮಾವ ಚೆನ್ನಾಗಿದಾರಾ" ಅಂತ ಕೇಳೋದಕ್ಕೂ ಇದಕ್ಕೂ ಏನ್ ವ್ಯತ್ಯಾಸ ಹೇಳಿ. ಮುಂದೆ ಇದೇ ಯಾಕೋಬ ಮಗ ಯೋಸೇಫನ್ನ ಕಳಿಸುವಾಗ ನಿನ್ನ ಅಣ್ಣಂದಿರ ಶಾಲೋಮ್, ಕುರಿಮಂದೆಯ ಶಾಲೋಮ್ ನೋಡ್ಕೊಂಡು ಬಾ ಅಂತಾನೆ, ಅಂದ್ರೆ ಜನ ಮಾತ್ರ ಅಲ್ಲ, ಕುರಿಗಳಿಗೂ ಶಾಲೋಮ್ ಇರ್ಬೇಕು.

ಈಗ ಕಾಗದದ ವಿಷ್ಯ. ಲಾಖೀಷ್ ಅನ್ನೋ ಹಳೇ ಕೋಟೆ ಊರಲ್ಲಿ 1935ರಲ್ಲಿ ಅಗೆದಾಗ ಊರಬಾಗಿಲ ಕಾವಲು ಕೋಣೇಲಿ ಶಾಯಿಯಲ್ಲಿ ಕಾಗದ ಬರೆದ ಮಡಕೆ ಚೂರುಗಳು ಸಿಕ್ಕವು, ಸುಮಾರು 2600 ವರ್ಷ ಹಿಂದಿನವು, ಬ್ಯಾಬಿಲೋನಿನ ಸೈನ್ಯ ಒಂದೊಂದೇ ಊರು ಹಿಡಿದುಕೊಂಡು ಬರ್ತಾ ಇದ್ದ ಕಾಲದ್ದು. ಒಂದರಲ್ಲಂತೂ ನಾವು ಲಾಖೀಷಿನ ಬೆಂಕಿ ಸನ್ನೆ ನೋಡ್ತಾ ಕೂತಿದೀವಿ, ಅಜೇಕ ಅನ್ನೋ ಇನ್ನೊಂದು ಊರಿನದ್ದು ಕಾಣಿಸ್ತಾ ಇಲ್ಲ ಅಂತಿದೆ. ಅಂಥ ಹೊತ್ತಲ್ಲೂ ಕೆಲವು ಚೂರು ಶುರುವಾಗೋದೇ, ದೇವರು ನನ್ನ ಒಡೆಯನಿಗೆ ಶಾಲೋಮಿನ ಸುದ್ದಿ ಕೇಳಿಸಲಿ, ಈಗಲೇ ಕೇಳಿಸಲಿ, ಅಂತ. ಇದನ್ನ ಓದಿದ ರಾತ್ರಿ ಟ್ರಂಕ್ ತೆಗೆದು ಅಮ್ಮನ ಇನ್‌ಲ್ಯಾಂಡ್ ಲೆಟರ್‌ಗಳನ್ನ ಹರಡಿಕೊಂಡು ಕೂತೆ. ನಾನು ತಿಪಟೂರು ಕಡೆಯಿಂದ 1986ರಲ್ಲಿ ಬೆಂಗಳೂರಿಗೆ ಬಂದಾಗಿಂದ ಅವರು ಬರೆದವು, ಒಂದೊಂದೂ ಶುರುವಾಗೋದು "ಉಭಯ ಕುಶಲೋಪರಿ ಸಾಂಪ್ರತ, ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಅಂತ. ತೆಂಗಿಗೆ ನುಸಿರೋಗ ಬಿದ್ದ ವರ್ಷಾನೂ ಅದೇ ಸಾಲು. ನಾವು ಅದನ್ನ ಸುಮ್ನೆ ರೂಢಿ ಮಾತು ಅಂದ್ಕೊಂಡು ಕೆಳಗಿನ ಸಾಲಿಗೆ ಹೋಗ್ತಿದ್ವಿ, ಅದೇ ಆಶೀರ್ವಾದ ಅಂತ ತಿಳಿಯೋಕೆ ನಂಗೆ ಲಾಖೀಷಿನ ಮಡಕೆ ಚೂರು ಬೇಕಾಯ್ತು.

ಹೊರಡೋವಾಗ ಹೇಳೋದರಲ್ಲೂ ಒಂದು ಸೂಕ್ಷ್ಮ ಇದೆ. ತಾಲ್ಮುದ್ ಅನ್ನೋ ಯೆಹೂದಿಗಳ ಧರ್ಮಗ್ರಂಥದಲ್ಲಿ ರಬ್ಬಿಗಳು, ಅಂದ್ರೆ ಅವರ ಧರ್ಮಗುರುಗಳು, ಹೇಳ್ತಾರೆ, ಬದುಕಿರೋರನ್ನ ಬೀಳ್ಕೊಡುವಾಗ "ಲೇಖ್ ಲೆಶಾಲೋಮ್" ಅನ್ನಬೇಕು, ಅಂದ್ರೆ ಶಾಲೋಮಿನ ಕಡೆಗೆ ಹೋಗು ಅಂತ, "ಲೇಖ್ ಬೆಶಾಲೋಮ್", ಶಾಲೋಮಿನಲ್ಲಿ ಹೋಗು ಅನ್ನೋದು ತೀರಿಕೊಂಡವರಿಗೆ. ಮೋಶೆಗೆ ಅವನ ಮಾವ ಮೊದಲನೇದು ಹೇಳಿ ಕಳಿಸಿದ, ಅವನು ಏಳಿಗೆ ಆದ, ಅಬ್ಷಾಲೋಮನಿಗೆ ಅಪ್ಪ ದಾವೀದ ಎರಡನೇದು ಹೇಳಿದ, ಅವನು ಮರಕ್ಕೆ ಸಿಕ್ಕಿಕೊಂಡು ಸತ್ತ, ಅಂತ ಉದಾಹರಣೇನೂ ಕೊಡ್ತಾರೆ. ಒಂದೇ ಅಕ್ಷರದ ವ್ಯತ್ಯಾಸ. ಬದುಕಿರೋರಿಗೆ ಇನ್ನೂ ದಾರಿ ಇದೆ, ಶಾಲೋಮ್ ಅನ್ನೋದು ಮುಂದೆ ಇದೆ ಅನ್ನೋ ಭಾವ ಅದು. ಅಯ್ಯನೋರು ಇದನ್ನ ಹೇಳಿದ ದಿನ ನಂಗೆ ತಕ್ಷಣ ನೆನಪಾಗಿದ್ದು ಅಜ್ಜಿ, ಯಾರಾದ್ರೂ ಬಾಗಿಲಲ್ಲಿ "ಹೋಗ್ತೀನಿ" ಅಂದ್ರೆ "ಹಾಗನ್ಬಾರ್ದು, ಬರ್ತೀನಿ ಅನ್ನು" ಅಂತ ಗದರಿಸ್ತಿದ್ರು, ಮತ್ತೆ ಹಿಂದಕ್ಕೆ ಕರೆದು ಬರ್ತೀನಿ ಅನ್ನಿಸಿಯೇ ಕಳಿಸ್ತಿದ್ರು.

ಬೈಬಲಿನ ಎರಡನೇ ಅರಸುಗಳು ಪುಸ್ತಕದ 4ನೇ ಅಧ್ಯಾಯ ಮಾತ್ರ ನಾನು ಜೋರಾಗಿ ಓದೋಕಾಗಲ್ಲ. ಶೂನೇಮಿನ ಒಬ್ಬ ಹೆಂಗಸು, ಮಡಿಲಲ್ಲೇ ಮಗು ಸತ್ತಿದೆ, ಎಲೀಷ ಪ್ರವಾದಿಯನ್ನ ಹುಡುಕಿಕೊಂಡು ಕತ್ತೆ ಮೇಲೆ ಹೊರಟಿದಾಳೆ. ದೂರದಿಂದ ನೋಡಿ ಅವನು ಆಳನ್ನ ಕಳಿಸಿ ಕೇಳಿಸ್ತಾನೆ, ನಿನಗೆ ಶಾಲೋಮಾ, ಗಂಡನಿಗೆ ಶಾಲೋಮಾ, ಮಗುವಿಗೆ ಶಾಲೋಮಾ? ಅವಳು ಹೇಳೋದು ಒಂದೇ ಪದ, ಶಾಲೋಮ್. ನಮ್ಮೆಜಮಾನ್ರು ಐಸಿಯುನಲ್ಲಿದ್ದಾಗ ಊರಿಂದ ಅಮ್ಮ ಫೋನ್ ಮಾಡಿ "ಎಲ್ಲಾ ಕ್ಷೇಮಾನೇನಮ್ಮ" ಅಂದ್ರು, "ಹೂಂ ಅಮ್ಮ, ಚೆನ್ನಾಗಿದೀವಿ" ಅಂದೆ. ಸುಳ್ಳು ಹೇಳಿದೆ ಅಂತ ಎಷ್ಟೋ ವರ್ಷ ಮನಸ್ಸಲ್ಲಿತ್ತು. ಈಗ ಅನ್ಸುತ್ತೆ, ಆ ಶೂನೇಮಿನ ತಾಯಿ ಹಾಗಂದಿದ್ದು ಸುಳ್ಳಲ್ಲ, ಹಾಗೇ ಆಗಲಿ ಅನ್ನೋ ಹಟ.

ಆಶೀರ್ವಾದ ಅಂದ್ನಲ್ಲ, ಅದರ ಅತಿ ಹಳೇ ಸಾಕ್ಷಿ ಒಂದಿದೆ. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಅನ್ನೋ ಕಡೆ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕೈ ಅವರ ತಂಡ ಒಂದು ಸಮಾಧಿ ಗವಿ ಅಗೆದಾಗ ಎರಡು ಪುಟಾಣಿ ಬೆಳ್ಳಿ ಸುರುಳಿ ಸಿಕ್ಕವು, ಒಡೆಯದ ಹಾಗೆ ಬಿಚ್ಚೋಕೇ ವರ್ಷಗಳು ಹಿಡಿದವು. ಒಳಗಿದ್ದಿದ್ದು ಬೈಬಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) 6ನೇ ಅಧ್ಯಾಯದ ಯಾಜಕರ ಆಶೀರ್ವಾದದ ಸಾಲುಗಳು. ಹೀಬ್ರೂವಿನಲ್ಲಿ ಆ ಆಶೀರ್ವಾದ ಮೂರು ಸಾಲು, ಮೊದಲನೇದರಲ್ಲಿ 3 ಪದ, ಆಮೇಲೆ 5, ಆಮೇಲೆ 7, ಹೊಳೆ ಅಗಲ ಆಗ್ತಾ ಹೋದ ಹಾಗೆ, ಗಣಿತದವಳಿಗೆ ಇದು ಎಷ್ಟು ಚೆಂದ ಕಾಣುತ್ತೆ ಅಂತ ಹೇಳೋಕಾಗಲ್ಲ. ಹದಿನೈದನೇ ಪದ, ಅಂದ್ರೆ ಕೊನೇ ಪದ, ಶಾಲೋಮ್. ಸುರುಳಿ ನಡುವೆ ದಾರ ಪೋಣಿಸೋ ಜಾಗ ಇದೆ, ಯಾರೋ ಅದನ್ನ ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡಿದ್ರು.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಇದೇ ಬೇರಿನಿಂದ ಹೀಬ್ರೂವಿನಲ್ಲಿ ಸಾಲ ತೀರಿಸು, ನಷ್ಟ ತುಂಬಿಕೊಡು ಅನ್ನೋ ಕ್ರಿಯಾಪದ ಬರುತ್ತೆ. ಕದ್ದ ಎತ್ತನ್ನ ಕೊಂದೋ ಮಾರಿಯೋ ಬಿಟ್ರೆ ಒಂದಕ್ಕೆ ಐದು ತುಂಬಿಕೊಡಬೇಕು ಅಂತ ಬೈಬಲಿನ ವಿಮೋಚನಕಾಂಡ ಹೇಳೋ ಕಡೆ ಇರೋದು ಅದೇ, ಇವತ್ತು ಇಸ್ರೇಲಿನ ಅಂಗಡೀಲಿ ದುಡ್ಡು ಕೊಡೋದಕ್ಕೂ ಅದೇ ಪದ. ತಕ್ಕಡಿಗೆ ಇಡೋ ಪೂರಾ ತೂಕದ ಕಲ್ಲಿಗೂ ಇದೇ ಬೇರಿನ ಮಾತು. ಹಾಗಾಗಿ ಯಾರದ್ದೋ ಬಾಕಿ ಉಳಿಸಿಕೊಂಡು, ತೂಕದಲ್ಲಿ ಹೊಡ್ಕೊಂಡು ಶಾಲೋಮ್ ಅನ್ನೋಕೆ ಆ ಭಾಷೆ ಬಿಡಲ್ಲ. ಯೆರೆಮೀಯ ಅನ್ನೋ ಪ್ರವಾದಿ ಸಿಟ್ಟಾಗಿದ್ದೂ ಅದಕ್ಕೇ, ಜನರ ಗಾಯಾನ ಮೇಲುಮೇಲೆ ವಾಸಿ ಮಾಡಿ ಶಾಲೋಮ್ ಶಾಲೋಮ್ ಅಂತಾರೆ, ಶಾಲೋಮ್ ಇಲ್ವೇ ಇಲ್ಲ, ಅಂತ.

ತಾಲ್ಮುದ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ, ಯಾರಾದ್ರೂ ಶಾಲೋಮ್ ಹೇಳಿದಾಗ ತಿರುಗಿ ಹೇಳದವನು ದರೋಡೆಕೋರ ಅಂತ. ಬಡವನ ಹತ್ರ ದೋಚೋಕೆ ಇನ್ನೇನಿದೆ, ಅವನಿಗೆ ವಾಪಸ್ ಸಲ್ಲಬೇಕಾದ ಶಾಲೋಮ್ ಒಂದೇ, ಅಂತ 11ನೇ ಶತಮಾನದ ರಾಶಿ ಅನ್ನೋ ವ್ಯಾಖ್ಯಾನಕಾರ ವಿವರಿಸ್ತಾನೆ. ನಾನೀಗ ಇರೋ ಅಪಾರ್ಟ್‌ಮೆಂಟಲ್ಲಿ ಯಾದಗಿರಿ ಕಡೆಯ ಒಬ್ಬರು ಸೆಕ್ಯೂರಿಟಿ ಕೆಲಸಕ್ಕಿದಾರೆ, ಬೆಳಗ್ಗೆ ಹೋಗೋ ಪ್ರತಿಯೊಂದು ಕಾರಿಗೂ ಎದ್ದು ನಿಂತು ಕೈ ಎತ್ತಿ ನಮಸ್ಕಾರ ಮಾಡ್ತಾರೆ. ಒಂದಿನ ಬಾಲ್ಕನೀಲಿ ನಿಂತು ಎಣಿಸಿದೆ, 31 ಕಾರಲ್ಲಿ ತಿರುಗಿ ಕೈ ಎತ್ತಿದ್ದು ನಾಲ್ಕೇ ಜನ. 12ನೇ ಶತಮಾನದಲ್ಲೇ ಬಸವಣ್ಣ ಕೇಳಿದ್ರು, ಹದುಳ ಇದ್ದೀರಾ ಅಂತ ಬಂದವರನ್ನ ವಿಚಾರಿಸಿದ್ರೆ ನಿಮ್ಮ ಸಿರಿ ಹಾರಿಹೋಗುತ್ತಾ ಅಂತ. ಹದುಳ! ಕ್ಷೇಮ, ಸುಖ, ನೆಮ್ಮದಿ ಎಲ್ಲಾ ಸೇರಿದ ಅಚ್ಚಗನ್ನಡ ಪದ, ಶಾಲೋಮಿಗೆ ಅದಕ್ಕಿಂತ ಹತ್ತಿರದ್ದು ನಂಗೆ ಸಿಕ್ಕಿಲ್ಲ.

ಬ್ಯಾಬಿಲೋನಿಗೆ ಸೆರೆ ಹೋದ ಜನಕ್ಕೆ ಅದೇ ಯೆರೆಮೀಯ ಒಂದು ಕಾಗದ ಬರೀತಾನೆ, ಅವನ ಹೆಸರಿನ ಪುಸ್ತಕದ 29ನೇ ಅಧ್ಯಾಯದಲ್ಲಿದೆ. ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಹಾಕಿ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರೋ ಆ ಪಟ್ಟಣದ ಶಾಲೋಮ್ ಬಯಸಿ, ಅದರ ಶಾಲೋಮಿನಲ್ಲೇ ನಿಮಗೂ ಶಾಲೋಮ್ ಅಂತ. ತಮ್ಮನ್ನ ಹಿಡಿದು ತಂದವರ ಊರಿಗೆ ಕ್ಷೇಮ ಬಯಸೋದು! ನಾವಂತೂ ಬೆಂಗಳೂರಿಗೆ ನಮ್ಮ ಇಷ್ಟಕ್ಕೇ ಬಂದವರು. 2024ರ ಬೇಸಿಗೇಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಕಾಯ್ತಾ ಇದ್ವಲ್ಲ, ಆ ಎರಡು ತಿಂಗಳು ನಮ್ಮ ಬಿಲ್ಡಿಂಗಲ್ಲಿ ಲಿಫ್ಟಲ್ಲಿ ಸಿಕ್ಕೋರೆಲ್ಲ, ಅದುವರೆಗೂ ಮುಖ ನೋಡದೇ ಇದ್ದೋರು ಕೂಡ, "ನಿಮ್ಮಲ್ಲಿ ನೀರು ಬಂತಾ" ಅಂತ ಕೇಳ್ತಿದ್ರು, ಇದ್ದೋರು ಇಲ್ಲದೋರಿಗೆ ಎರಡು ಬಕೆಟ್ ಕೊಡ್ತಿದ್ರು. ಅಯ್ಯನೋರು ಆಗ ಇದ್ದಿದ್ರೆ ಇದೇ ನೋಡಿ ಮೇಡಂ ಶಾಲೋಮ್ ಕೇಳೋದು ಅಂದ್ರೆ, ಅಂತಿದ್ರು. ಮಳೆ ಬಂತು, ನೀರು ಬಂತು, ಕೇಳೋದು ನಿಂತುಹೋಯ್ತು.

ನನ್ನ ಕೋರಿಕೆ ಇಷ್ಟೇ ಸಂಪಾದಕರೇ, ಮುಂದೆ ಯಾವತ್ತಾದ್ರೂ ಪುರವಣೀಲಿ ಈ ಪದ ಬಂದ್ರೆ ಶಾಂತಿ ಅಂತ ಹಾಕಿ ಬೇಡ ಅನ್ನಲ್ಲ, ಪಕ್ಕದಲ್ಲಿ ಕ್ಷೇಮ, ಹದುಳ ಅಂತಾನೂ ಹಾಕಿ.

ನಾವು ಇಲ್ಲಿ ಕ್ಷೇಮ, ನಿಮ್ಮ ಕಚೇರಿಯ ಎಲ್ಲರ ಕ್ಷೇಮ ಬಯಸುವ,
ನಿಮ್ಮ ಹಳೇ ಓದುಗಾರ್ತಿ
ಲಿಂಗರಾಜಪುರ, ಬೆಂಗಳೂರು