ಹಿನ್ನೀರ ದಂಡೆಯಲ್ಲಿ ಮನೆ ಕಟ್ಟುವ ಮಾಣಿಗೆ

ಚಿರಂಜೀವಿ ಮಾಣಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಕೊನೆಕೊಯ್ಲು ಮುಗಿಯುತ್ತ ಬಂದಿದೆ.

ನೀನು ಕಳಿಸಿದ ಮನೆಯ ನಕ್ಷೆ ನೋಡಿದೆ. ಶರಾವತಿ ಹಿನ್ನೀರಿಗೆ ಮುಖ ಮಾಡಿದ ಗಾಜಿನ ಜಗುಲಿಯ ಬಗ್ಗೆ ನನ್ನ ತಕರಾರಿಲ್ಲ (ಮಳೆಗಾಲದ ಇರಚಲು ಹೊಡೆದಾಗ ಅದನ್ನು ಒರೆಸುವವರು ಯಾರೆಂದು ನೀನೂ ನಿನ್ನ ಹೆಂಡತಿಯೂ ಈಗಲೇ ತೀರ್ಮಾನಿಸಿಕೊಳ್ಳಿ). ನನಗೆ ಸರಿಬಾರದ್ದು, ನೀರಿನವರೆಗೂ ನೀನು ಎಳೆದಿರುವ ಕಾಂಪೌಂಡಿನ ಗೆರೆ.

ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ಹಿನ್ನೀರು ಎಂದೇನೋ ಬರೆದಿದೆ. ಆದರೆ ನೀರು ನೆಟ್ಟ ಗಡಿಕಲ್ಲಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದಲೂ, ಮಳೆ ಚೆನ್ನಾಗಿ ಹಿಡಿದ ವರ್ಷ ಜಲಾಶಯ ಪೂರ್ಣಮಟ್ಟವಾದ, ಸಮುದ್ರಮಟ್ಟದಿಂದ 1819 ಅಡಿಗೆ ಏರುತ್ತದೆ, ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ನೀರು ಬಿಡುತ್ತ ಬಿಡುತ್ತ ಬಹುದೂರ ಹಿಂದೆ ಸರಿದು, ಕಪ್ಪಾದ ಮರದ ಬೊಡ್ಡೆಗಳೂ ಹಳೆಯ ಗದ್ದೆಯ ಅಂಚುಗಳೂ ಎದ್ದು ಕಾಣುತ್ತವೆ. ತೀರಾ ಇಳಿದ ವರ್ಷ ಹಿನ್ನೀರಲ್ಲಿ ಮುಳುಗಿದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಬರುತ್ತದೆ. ಹಾಗೆ ಬಯಲಾಗುವ ನೆಲ ನಿನ್ನದೂ ಅಲ್ಲ, ನನ್ನದೂ ಅಲ್ಲ. ಅಲ್ಲಿಗೆ ಇಳಿಯುವ ಕಾಲುದಾರಿ ನಿನ್ನ ಜಾಗದ ದಕ್ಷಿಣದ ಅಂಚಿನಲ್ಲೇ ಇದೆ, ದನವೂ ಜನವೂ ಅಲ್ಲೇ ಹೋಗುವುದು.

ನಾನೂ ಒಮ್ಮೆ ಆ ದಾರಿಗೆ ಬೇಲಿ ಹಾಕಿದ್ದೆ. ಯಾರೋ ದಣಪೆಯ (ಅಡ್ಡಕೋಲು ಸರಿಸಿ ದಾಟುವ ಬೇಲಿಬಾಗಿಲಿನ) ಗಳು ತೆಗೆದವರು ಮತ್ತೆ ಹಾಕದೆ ಹೋಗಿ, ದನ ನುಗ್ಗಿ, ಎಳೆಯ ಅಡಿಕೆ ಸಸಿಗಳು ಹಾಳಾಗಿದ್ದವು. ಸಿಟ್ಟಿನಲ್ಲಿ ದಣಪೆಯನ್ನೇ ಕಿತ್ತು ಮುಳ್ಳು ಜಡಿದೆ. ಊರಲ್ಲಿ ಒಬ್ಬರೂ ಜಗಳಕ್ಕೆ ಬರಲಿಲ್ಲ. ಹನ್ನೊಂದು ಮನೆಯ ಊರಿನಲ್ಲಿ ಜಗಳ ಆಗುವುದಿಲ್ಲ ಮಾಣಿ, ಮಾತು ಕಡಿಮೆಯಾಗುತ್ತದೆ. ಆ ವರ್ಷ ಅಡಿಕೆ ಸುಲಿಯಲು ಮುಯ್ಯಾಳು (ಕೆಲಸಕ್ಕೆ ಕೆಲಸ ತೀರಿಸುವ ನೆರೆಯವರನ್ನು) ಕರೆದರೆ ಎಲ್ಲರೂ ನಗುನಗುತ್ತಲೇ "ನಾಳೆ ನೋಡುವಾ" ಎಂದರು; ರಾತ್ರಿ ಎರಡರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವರು ನಾನು ಮತ್ತು ನಿನ್ನ ದೊಡ್ಡಮ್ಮ. ಮಾಘ ಮಾಸದೊಳಗೆ ದಣಪೆ ಮತ್ತೆ ನೆಟ್ಟೆ. ಅದರ ಮೇಲಿನ ಗಳು ಇಂದಿಗೆ ಕೈ ಸವರಿ ಸವರಿ ಕುರ್ಚಿಯ ತೋಳಿನಂತೆ ನುಣುಪಾಗಿದೆ.

ಈಗ ಊರಿನಲ್ಲಿ ಹಣಕ್ಕೆ ಕೊರತೆಯಿಲ್ಲ, ಅಂಗಳಕ್ಕೊಂದು ಕಾರಿದೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರು ದಾಟಿಸುವ ಕೊನೆಯ ಲಾಂಚಿಗೆ ಓಡುವ ತಾಪತ್ರಯವೂ ತಪ್ಪಿತು. ಲಾಂಚಿಗೆ ಕಾಯುತ್ತ ನಿಂತಾಗ ಬೇಡವೆಂದರೂ ನೆರೆಯವರ ಕಷ್ಟಸುಖ ಕಿವಿಗೆ ಬೀಳುತ್ತಿತ್ತು. ಈಗ ಅದಕ್ಕೆ ಉಳಿದಿರುವ ಜಾಗವೆಂದರೆ ಆ ಕಾಲುದಾರಿಯೇ.

ಆದ್ದರಿಂದ ಕಾಂಪೌಂಡನ್ನು ದಾರಿಯಿಂದ ಆರು ಅಡಿ ಒಳಗೆ ತೆಗೆದುಕೋ. ಮೇ ತಿಂಗಳಲ್ಲಿ ನೀರು ಇಳಿದಿರುವಾಗ ಒಮ್ಮೆ ಬಾ, ಅಳತೆ ಹಿಡಿಯುವ ಮೊದಲು ಪಕ್ಕದ ಮನೆಯವರನ್ನೂ ಕರೆಯೋಣ. ದಣಪೆಗೆ ಬೇಕಾದ ಕಂಬ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ.

ಇಂತಿ ನಿನ್ನ
ದೊಡ್ಡಪ್ಪ