ಪೊರಿ ಹಣ್ಣಾಗೂತನಾ ಕಾಯಬ್ಯಾಡ್ರಿ, ಅಪ್ಪಾಜಿ

ಲಂಡನ್
ರವಿವಾರ, ಮಧ್ಯಾಹ್ನ

ತೀರ್ಥರೂಪ ಅಪ್ಪಾಜಿಗೂ ಅವ್ವಗೂ ಸಾಷ್ಟಾಂಗ ನಮಸ್ಕಾರ.

ನಾ ಇಲ್ಲೆ ಆರಾಮ ಅದೀನಿ. ಅಲ್ಲೆ ಎಲ್ಲಾರೂ ಆರಾಮ ಅಂತ ನೀವು ಬರದೀರಿ, ಆರಾಮ ಇಲ್ಲ ಅಂತ ವೈನಿ ಫೋನಿನಾಗ ಹೇಳ್ಯಾರ. ಅವರಿಗೆ ಬೈಬ್ಯಾಡ್ರಿ, ನಾನೇ ಕೆದಕಿ ಕೆದಕಿ ಕೇಳೇನಿ. ಅವ್ವಾ, ಈ ಪತ್ರ ನೀನೇ ಅಪ್ಪಾಜಿ ಮುಂದ ಕುಂತು ಗಟ್ಟಿಯಾಗಿ ಓದು. ಅವರಿಗೆ ಸೇರದ ಮಾತು ಬಂದಲ್ಲೆ ಹಾರಿಸಬ್ಯಾಡ.

ಅಪ್ಪಾಜಿ, ವೈನಿ ಹೇಳೂಕಿಂತ ಮೊದಲ ನಿಮ್ಮ ಪತ್ರನ ಎಲ್ಲಾ ಹೇಳಿತ್ತು. ಸಾಲಿ ಬೋರ್ಡಿನ ಮ್ಯಾಲ ದಿನಾ ಸುವಿಚಾರ ಬರದ ಕೈ ಅದು, ಸ್ಕೇಲ್ ಮುಟ್ಟದ ನೆಟ್ಟಗ ಗೆರಿ ಎಳಿಯೂ ಕೈ. ಈ ಸಲ ಮೂರನೇ ಸಾಲಿನಿಂದ ಅಕ್ಷರ ಇಳಿಜಾರು ಹಿಡದಾವ. ಮ್ಯಾಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲಿಕಟ್ಟಿನ ಮ್ಯಾಲ ಕುಂತಾವ. ಅಂಥಾ ಅಕ್ಷರದಾಗ ‘ಕಣ್ಣು ಸ್ವಲ್ಪ ಮಂಜ ಆಗೈತಿ, ಚಿಂತಿ ಮಾಡುವಂಥದ್ದೇನಿಲ್ಲ’ ಅಂತ ಬರದೀರಿ. ಹಿತ್ತಲ ಮೆಟ್ಲ ತಪ್ಪಿ ಮೊಣಕಾಲು ಕೆತ್ತಿಸಿಕೊಂಡದ್ದು ಬರದಿಲ್ಲ. ಓಣಿ ಗಣಪ್ಪನ ಹುಬ್ಬಿಗೆ ಕರಿ ಬಣ್ಣ ಅಂತ ಕಡುನೀಲಿ ಹಚ್ಚಿದ್ದೂ ಬರದಿಲ್ಲ. ಹುಡುಗೂರು ‘ಮಾಸ್ತರ ಈ ವರ್ಷ ಹೊಸಾ ಡಿಸೈನ್ ಮಾಡ್ಯಾರ’ ಅಂದು ಸುಮ್ಮನಾದ್ರಂತ. ಕರಿ-ನೀಲಿ ಕೂಡಿ ಒಂದ ಕಾಣಾಕ ಹತ್ತಿದ್ರ ಅದು ಚಷ್ಮಾದ ನಂಬರಿನ ತಕರಾರಲ್ಲ, ಕಣ್ಣಿನ ಪೊರಿ ಅಂತ ನಿಮಗ ನಾ ಹೇಳಬೇಕೇನು?

ಅವ್ವಾ, ನಡುವ ನಿನ್ನ ಪ್ರಶ್ನೆ ಮುಗಸ್ತೀನಿ. ನಾ ಕಳಿಸಿದ ಫೋಟೋದಾಗ ಬಾಜೂಕ ಕುಂತವರು ಯಾರು ಅಂತ ವೈನಿ ಕಡೆಯಿಂದ ಕೇಳಿಸಿದಿ. ಅವರಿಗೆ 74 ವರ್ಷ. ಡಬಲ್ ಡೆಕ್ಕರ್ ಬಸ್ ಓಡಿಸಿ ರಿಟೈರ್ ಆದವರು, ಮೊಮ್ಮಕ್ಕಳು ಅದಾರ. ಸಮಾಧಾನ ಆತಲ್ಲ? ರಾಣೆಬೆನ್ನೂರಿನ ವರದ ಬಯೋಡಾಟಾ ಮುಟ್ಟೈತಿ. ಅದರ ಮಾತು ಅಪ್ಪಾಜಿ ಕಣ್ಣಿನ ಆಪರೇಶನ್ ಆದ ಮ್ಯಾಲ, ಅದಕ್ಕಿಂತ ಮೊದಲ ತಗದ್ರ ನಾ ಫೋನ್ ಇಡ್ತೀನಿ.

ಫೋಟೋದಾಗ ಇರೂದು ಚಿತ್ರ ತಗಿಯೂ ಗುಂಪು, ಅರ್ಬನ್ ಸ್ಕೆಚರ್ಸ್ ಅಂತ. ಅಮೆರಿಕಾದ ಸಿಯಾಟಲ್‌ನಾಗ ಗೇಬ್ರಿಯಲ್ ಕಂಪನಾರಿಯೊ ಅನ್ನೂ ಪತ್ರಕರ್ತರು 2007ರಾಗ ಸುರು ಮಾಡಿದ್ದು, ಈಗ ದೊಡ್ಡ ದೊಡ್ಡ ಊರಾಗೆಲ್ಲಾ ಐತಿ. ಜಾಗಾದಾಗ ಕುಂತು, ಕಣ್ಣಿಗೆ ಕಂಡದ್ದನ್ನ ಕಂಡಂಗ ತಗೀಬೇಕು, ಫೋಟೋ ನೋಡಿ ತಗದದ್ದು ನಡಿಯಂಗಿಲ್ಲ. ಅಪ್ಪಾಜಿ, ನಿಮಗ ನಗು ಬಂದಿರಬೇಕು. ಒಂಬತ್ತನೇ ಕ್ಲಾಸಿನ ಹುಡುಗೂರನ್ನ ಲಕ್ಕುಂಡಿ ಬಸ್ಸಿಗೆ ತುರುಕಿಕೊಂಡು ಹೋಗಿ, ಮುಸುಕಿನ ಬಾವಿ ಮೆಟ್ಲ ಮ್ಯಾಲ ಸಾಲಾಗಿ ಕುಂದ್ರಿಸಿ, ‘ನೆನಪಿಲೆ ತಗೀಬ್ಯಾಡ್ರಿ, ನೋಡಿ ತಗೀರಿ’ ಅಂತ ನೀವು ಒದರತಿದ್ದದ್ದೂ ಇದನ್ನೇ. ಧಾರವಾಡದಾಗ ಹಾಲಭಾವಿಯವರ ಆರ್ಟ್ ಸ್ಕೂಲಿನಾಗ ನಿಮಗ ಹಿಂಗ ಕಲಿಸಿದ್ರು ಅಂತಿದ್ರಿ. ನಾವು ಅದಕ್ಕೊಂದು ಹೆಸರು ಇಡಲಿಲ್ಲ, ಅಷ್ಟ.

ಮುಂಜಾನೆ ಒಂದು ಕಡೆ ಕೂಡ್ತಾರ, ಆಮ್ಯಾಲ ಯಾರಿಗೆ ಯಾವ ಮೂಲಿ ಸೇರತೈತೋ ಅಲ್ಲೆ ಮಡಚೂ ಸ್ಟೂಲ್ ಹಾಕ್ಕೊಂಡು ಕುಂದರ್ತಾರ. ವಕೀಲರು ಬರ್ತಾರ, ಕಾಲೇಜಿನ ಹುಡುಗೂರು ಬರ್ತಾರ, ಒಬ್ಬಾಕಿ ಕೂಸಿನ ಗಾಡಿ ದಬ್ಬಿಕೊಂತ ಬರ್ತಾಳ. ಕೆಲವರ ಬಣ್ಣದ ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಬ್ರಶ್ಶಿನ ಹಿಡಿಕ್ಯಾಗ ನೀರು ತುಂಬಿರ್ತಾರ, ಒತ್ತಿದ್ರ ತುದಿಗೆ ಬರತೈತಿ, ವಾಟಗದ ಕಾಟ ಇಲ್ಲ. ಪೊಲೀಸ್ರು ಏನೂ ಅನ್ನಂಗಿಲ್ಲ, ಹೋಗೂ ಬರೂ ಮಂದಿ ಬಗ್ಗಿ ನೋಡಿ ‘ಸಾರಿ’ ಅಂತಾರ. ನೋಡಿದ್ದಕ್ಕ ಸಾರಿ! ನಮ್ಮ ಕಡೆ ಆಗಿದ್ರ ‘ಇಲ್ಲೆ ಮೂಗು ಸ್ವಲ್ಪ ದಪ್ಪ ಆಗೈತಿ ನೋಡ್ರಿ’ ಅಂತ ಪೆನ್ಸಿಲ್ ಕಸಗೊಂತಿದ್ರು. ಕಡೀಕ ಎಲ್ಲಾರ ಪುಸ್ತಕಾನೂ ನೆಲದ ಮ್ಯಾಲ ತೆರದಿಟ್ಟು ಸುತ್ತಲೂ ನಿಂತು ನೋಡೂದು. ತಪ್ಪು ಯಾರೂ ತಗಿಯಂಗಿಲ್ಲ, ಎಲ್ಲಾದಕ್ಕೂ ‘ಲವ್ಲಿ’. ಡ್ರೈವರ್ ಅಜ್ಜಾರು ಬಸ್ ಬಿಟ್ಟು ಬ್ಯಾರೇನೂ ತಗಿಯಂಗಿಲ್ಲ, ಆ ಬಸ್ಸಿನ ಗಾಲಿ ಪ್ರತಿ ಸಲಾನೂ ತತ್ತಿ ಆಕಾರ ಇರ್ತಾವ. ಅದಕ್ಕೂ ‘ಲವ್ಲಿ’. ನೀವಿದ್ರ ಕಿವಿ ಹಿಂಡತಿದ್ರಿ.

ಹೋದ ತಿಂಗಳ ಕುಂತದ್ದು ಥೇಮ್ಸ್ ಹೊಳಿ ದಂಡಿಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೂ ಕಡೆ. ಹೊಳಿಗುಂಟ ಸಾಲಾಗಿ ದೀಪದ ಕಂಬ, ಒಂದೊಂದರ ಬುಡಕ್ಕ ಎರಡೆರಡು ದೊಡ್ಡ ಮೀನು ಬಾಯಿ ತಕ್ಕೊಂಡು ಸುತ್ತಿಕೊಂಡಾವ. ಅಲ್ಲೇ ತ್ವಾಟದಾಗ ನಮ್ಮ ಬಸವಣ್ಣನವರು ಅದಾರ. 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕಲಬುರಗಿ ಕಡೆಯವರು, ಇಲ್ಲೆ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರು ಓಡಾಡಿ ನಿಲ್ಲಿಸಿದ್ದು. ಪಾರ್ಲಿಮೆಂಟ್ ಬಿಟ್ಟು ನಾ ಅವರನ್ನ ತಗೀಲಾಕ ಕುಂತೆ. ‘ಇವರು ರಾಜರೇನು?’ ಅಂತ ಬಾಜೂಕ ಕುಂತವರು ಕೇಳಿದ್ರು. ರಾಜರಲ್ಲ, ರಾಜರ ಖಜಾನಿ ನೋಡಿಕೊಂಡವರು, 12ನೇ ಶತಮಾನದಾಗ ಮಾದಾರ, ಮಡಿವಾಳ, ಅಂಬಿಗರು, ಹೆಣ್ಣುಮಕ್ಕಳು ಎಲ್ಲಾರನ್ನೂ ಒಂದ ಕಡೆ ಕುಂದ್ರಿಸಿ ಮಾತಾಡಿಸಿದವರು ಅಂದೆ. ಹೊಳಿ ಆಚೆ ಪಾರ್ಲಿಮೆಂಟ್ ಕಡೆ ಬಟ್ಟ ಮಾಡಿ ‘ಅದಕ್ಕಿಂತ ಮೊದಲ’ ಅಂತ ಸೇರಿಸಿದೆ. ಸ್ವಲ್ಪ ಹೆಚ್ಚಾತೇನೋ, ಇರ್ಲಿ ಬಿಡ್ರಿ.

ಈ ಹೊಳಿ ಒಂದು ವಿಚಿತ್ರ. ಸಮುದ್ರದ ಭರತಿ ಊರತನಾ ಬರತೈತಿ, ದಿನಕ್ಕ ಎರಡು ಸಲ ಏರಿ ಇಳೀತೈತಿ, ಏರಿಳಿತ 7 ಮೀಟರ್‌ತನಾ ಹೋಗತೈತಿ. ನಾ ಪೆನ್ನಿಲೆ ದಂಡಿ ಕೆಸರು, ಕಲ್ಲು, ತುಕ್ಕು ಹಿಡದ ಸರಪಳಿ ತಗದು ಬಣ್ಣಕ್ಕ ಕೈ ಹಾಕೂದ್ರಾಗ ಕಲ್ಲೂ ಇಲ್ಲ, ಸರಪಳಿನೂ ಇಲ್ಲ. ನಮ್ಮ ತುಂಗಭದ್ರಾ ಇಂಥಾ ಆಟ ಆಡಂಗಿಲ್ಲ.

ಈಗ ಮುಖ್ಯ ಮಾತು. ಅವ್ವಾ, ಇಲ್ಲೆ ನಿಧಾನಕ ಓದು.

ಬಸವಣ್ಣನವರಿಂದ ಹೊಳಿ ದಂಡೀಲೆ ಸ್ವಲ್ಪ ನಡದ್ರ ಸೇಂಟ್ ಥಾಮಸ್ ದವಾಖಾನಿ, ಅದರ ಎದುರಿಗೆ ನೀರಿನ ಆಚೆ ಪಾರ್ಲಿಮೆಂಟ್. ಅಪ್ಪಾಜಿ, ನೀವು ಹಳೇ ಕ್ಯಾಲೆಂಡರ್ ಕತ್ತರಿಸಿ ರಟ್ಟಿಗೆ ಅಂಟಿಸಿ ಕ್ಲಾಸಿನಾಗ ತೋರಸ್ತಿದ್ರಲ್ಲ, ಮಂಜಿನಾಗ ಮುಳುಗಿದ ಪಾರ್ಲಿಮೆಂಟ್, ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ತಗದದ್ದು? 1900ರ ಸುಮಾರಿಗೆ ಆತ ಇದೇ ದವಾಖಾನ್ಯಾಗ ಕುಂತು ಅದನ್ನ ತಗದದ್ದು. ಆಮ್ಯಾಲ 1912ರಾಗ ಅದೇ ಮೊನೆಗೆ ಡಾಕ್ಟರ್ ‘ಪೊರಿ’ ಅಂತ ಹೇಳಿದ್ರು. ಆತನೂ ನಿಮ್ಮಂಗ ಅಂಜಿ ಮುಂದ ಹಾಕಿದ. ಟ್ಯೂಬಿನ ಮ್ಯಾಲಿನ ಹೆಸರು ಓದಿ, ಪ್ಯಾಲೆಟ್ಟಿನಾಗ ಯಾವ ಬಣ್ಣ ಎಲ್ಲೆ ಅಂತ ನೆನಪಿಟ್ಟು ದಿನಾ ದಬ್ಬಿದ. ನೀಲಿ ಹೋಗಿ ಚಿತ್ರ ಕೆಂಪು-ಕಂದು ಆಗಿ ಕುಂತ್ವು. ಕಡೀಕ 1923ರಾಗ, 82ನೇ ವಯಸ್ಸಿಗೆ ಬಲಗಣ್ಣು ಮಾಡಿಸಿಕೊಂಡ. ಮಾಡಿಸಿಕೊಂಡ ಮ್ಯಾಲ ಡಾಕ್ಟರಿಗೆ ಸಿಟ್ಟಿಲೆ ಪತ್ರಾನೂ ಬರದ. ನೀವೂ ಬೈರಿ, ನಾ ಬ್ಯಾಡ ಅನ್ನಂಗಿಲ್ಲ. ಆಪರೇಶನ್ ಆದ ಮ್ಯಾಲ ಬೈರಿ.

ಆತಗ ಸಿಟ್ಟು ಬರಾಕ ಕಾರಣ ಇತ್ತು, ಆಗ ಕಣ್ಣೊಳಗ ಕೂಡ್ಸೂ ಲೆನ್ಸ್ ಇರ್ಲಿಲ್ಲ. ಆ ಲೆನ್ಸ್ ಮೊದಲನೇ ಸಲ ಹಾಕಿದ್ದೂ ಇದೇ ಸೇಂಟ್ ಥಾಮಸ್ಸಿನಾಗ, 1949ರ ನವೆಂಬರ್ 29ಕ್ಕ. ಹಾಕಿದವರು ಹೆರಾಲ್ಡ್ ರಿಡ್ಲಿ ಅನ್ನೂ ಡಾಕ್ಟರು. ಯುದ್ಧದಾಗ ವಿಮಾನದ ಪ್ಲಾಸ್ಟಿಕ್ ಗಾಜು ಒಡದು ಪೈಲಟ್‌ಗಳ ಕಣ್ಣಾಗ ಚೂರು ಸೇರಿದ್ರೂ ಕಣ್ಣು ಕೆಂಪಾಗಿ ಕೀವಾಗಲಿಲ್ಲ ಅನ್ನೂದನ್ನ ಅವರು ನೋಡಿದ್ರು. ಅಂದಮ್ಯಾಲ ಅದರದ್ದೇ ಲೆನ್ಸ್ ಯಾಕ ಮಾಡಬಾರದು ಅಂತ. ದೊಡ್ಡ ದೊಡ್ಡ ಡಾಕ್ಟರುಗಳೇ ವರ್ಷಗಟ್ಟಲೆ ವಿರೋಧ ಮಾಡಿದ್ರು. ಮುಂದ ವಯಸ್ಸಾದಾಗ ರಿಡ್ಲಿಯವರು ತಮ್ಮ ಕಣ್ಣಿಗೂ ಅದನ್ನೇ ಹಾಕಿಸಿಕೊಂಡ್ರು. ಇದನ್ನೆಲ್ಲಾ ನನಗ ಹೇಳಿದ್ದು ಆ ಡ್ರೈವರ್ ಅಜ್ಜಾರು. ಅವರದ್ದೂ ಎರಡೂ ಕಣ್ಣು ಆಗ್ಯಾವ. ‘ಆಪರೇಶನ್ ಆದ ಮರುದಿನ ಅಡಗಿಮನಿ ಗ್ವಾಡಿ ನೋಡಿದೆ, ಇದು ಬಿಳಿ ಅಂತ ನನಗ ಗೊತ್ತೇ ಇರ್ಲಿಲ್ಲ, ಕೆನಿ ಬಣ್ಣ ಅಂತ ತಿಳದಿದ್ದೆ’ ಅಂದ್ರು. ಪೊರಿ ಹಳದಿ ಆಗ್ತಾ ಹೋದಂಗ ಮೊದಲ ಸಾಯೂದು ನೀಲಿ. ನಿಮ್ಮ ಗಣಪ್ಪನ ಹುಬ್ಬು ನೆನಪ ಮಾಡ್ಕೊರಿ.

ಆಯಿ ಕಣ್ಣಿನ ಕಥಿ ನನಗೂ ಗೊತ್ತೈತಿ. ಶಿಬಿರದಾಗ ಮಾಡಿಸಿ, ತಲಿ ಎರಡೂ ಬಾಜೂ ಉಸುಕಿನ ಚೀಲ ಇಟ್ಟು ಮಲಗಿಸಿ, ಆಮ್ಯಾಲ ಸೋಡಾ ಬಾಟ್ಲಿ ಚಷ್ಮಾ ಕೊಟ್ಟು ಕಳಿಸಿದ್ರು. ಪಾಪ, ಚಾದ ಕಪ್ಪು ಎಲ್ಲಿಟ್ಟೈತಿ ಅಂತ ಕೈಯಾಡಿಸಿ ಹುಡುಕತಿದ್ಲು. ಅದು ಆ ಕಾಲದ ಆಪರೇಶನ್. ‘ಪೊರಿ ಇನ್ನೂ ಹಣ್ಣಾಗಿಲ್ಲ’ ಅಂತೀರಲ್ಲ, ಅದೂ ಆ ಕಾಲದ ಮಾತು. ಆಗ ಇಡೀದು ಒಂದ ತುಂಡಾಗಿ ತಗೀತಿದ್ರು, ಅದಕ್ಕ ಹಣ್ಣಾಗೂತನಾ ಕಾಯ್ತಿದ್ರು. ಈಗ ಹನಿ ಹಾಕಿ ಕಣ್ಣು ಮರಗಟ್ಟಿಸಿ, 3 ಮಿಲಿಮೀಟರ್‌ಕಿಂತ ಸಣ್ಣ ಗೀರು ಹಾಕಿ, ಅಲ್ಟ್ರಾಸೌಂಡಿಲೆ ಒಳಗ ಒಡದು ಎಳಕೊಂತಾರ, ಮಡಚಿದ ಲೆನ್ಸ್ ಅದೇ ಗೀರಿನಾಗ ಹೋಗಿ ಒಳಗ ಬಿಚ್ಚಿಕೊಂತೈತಿ. ಹೊಲಿಗಿ ಇಲ್ಲ, ಅವತ್ತ ಮನಿಗೆ. ಕಾದಷ್ಟೂ ಪೊರಿ ಕಲ್ಲಾಗತೈತಿ, ಒಡಿಯೂದು ತ್ರಾಸ. ಮತ್ತ ನಿಮಗ ಸಕ್ಕರಿ ಐತಿ. ಸಕ್ಕರಿ ಇದ್ದವರಿಗೆ ಕಣ್ಣಿನ ಹಿಂದಿನ ಪರದೆ ಡಾಕ್ಟರ್ ನೋಡಬೇಕು, ಪೊರಿ ದಪ್ಪಾದ್ರ ಅದು ಅವರಿಗೆ ಕಾಣಂಗಿಲ್ಲ. ಅದಕ್ಕ ದೀಪಾವಳಿ ಆಗಲಿ, ಮಗಳು ಬರಲಿ ಅಂತ ನೆವ ಹೇಳಬ್ಯಾಡ್ರಿ. ಮಗಳು ಏಪ್ರಿಲ್‌ಗೆ ಬರ್ತಾಳ, ಆಗ ಆಕೀ ಮುಖ ನೆಟ್ಟಗ ಕಾಣಬೇಕೋ ಬ್ಯಾಡೋ?

ಅಣ್ಣಗ ಹೇಳೇನಿ, ಹುಬ್ಬಳ್ಳಿಗೆ ಹೋಗಿ ತಾರೀಖು ತಗೋತಾನ. ಮುಂಜಾನೆ ಗದಗ ಬಿಟ್ರ ಸಂಜಿಗೆ ಮನ್ಯಾಗ. ಅದಕ್ಕಿಂತ ಮೊದಲ ಸಕ್ಕರಿ ಹಿಡಿತಕ್ಕ ಬರಬೇಕು, ಮದವಿ ಮನಿ ಬುಂದೆ ಎಲ್ಲಾ ಬಂದ್. ಅವ್ವಾ, ಇದು ನಿನ್ನ ಕೆಲಸ. ರೊಕ್ಕ ಅಣ್ಣನ ಖಾತೆಗೆ ಹಾಕೇನಿ, ಹೆಚ್ಚೇ ಹಾಕೇನಿ, ವಾಪಸ್ ಕಳಿಸಿದ್ರ ಮತ್ತ ಹಾಕ್ತೀನಿ. ಲೆನ್ಸ್ ಯಾವುದು ಅನ್ನೂದು ಡಾಕ್ಟರ್ ಹೇಳ್ತಾರ, ಓಣಿಯವರಲ್ಲ. ಪರದೇಶದ್ದೇ ಬೇಕಂತೇನಿಲ್ಲ, ಮದುರೈನಾಗ 1992ರಿಂದ ಮಾಡಾಕ ಹತ್ಯಾರ, ಅವು ಬಂದ ಮ್ಯಾಲೇ ಲೆನ್ಸು ಬಡವರ ಕಣ್ಣಿಗೂ ಎಟುಕಿದ್ದು. ಆದ ಮ್ಯಾಲ ನಾಲ್ಕಾರು ವಾರ ಹನಿ ತಪ್ಪಿಸಬಾರದು, ಕಣ್ಣು ತಿಕ್ಕಬಾರದು, ಡಾಕ್ಟರ್ ಹೇಳೂತನಾ ತಲಿ ಮ್ಯಾಲ ನೀರು ಬ್ಯಾಡ. ನೀವು ಭಾಳ ಅಂಜಿದ್ರ ಎಡಗಣ್ಣಷ್ಟ ಮೊದಲ ಮಾಡಿಸ್ರಿ. ಎರಡೂ ಕೂಡೆ ಹೆಚ್ಚಾಗಿ ಮಾಡಂಗಿಲ್ಲ.

ನಂದೇನೂ ಚಿಂತಿ ಮಾಡಬ್ಯಾಡ್ರಿ. ಇಲ್ಲೆ ಥಂಡಿ ಇಲ್ಲ. ಅಂದ್ರ ಐತಿ, ನನಗ ಹತ್ತಂಗಿಲ್ಲ. ಊಟ ಛಲೋ ನಡದೈತಿ, ಖಡಕ್ ರೊಟ್ಟಿ ಇನ್ನೂ ಅದಾವ, ಅಗಸಿ ಹಿಂಡಿನೂ ಐತಿ. ತೂಕ ಇಳದಿಲ್ಲ, ಫೋಟೋದಾಗ ಹಂಗ ಕಾಣತೈತಿ. ನೆಗಡಿ ಬಂದಿತ್ತು, ಹೋತು. ಕೆಲಸ ಗಟ್ಟಿ ಐತಿ. ಚಿತ್ರಕ್ಕ ಹೋಗೂದು ರಜಾ ದಿನ ಅಷ್ಟ, ಹಗಲೊತ್ತಿನಾಗ, ಗುಂಪಿನ ಕೂಡ.

ನವಲಗುಂದದ ಗೆಳತಿ ಸಂಜಿ ವಿಮಾನಕ್ಕ ಹೊಂಟಾಳ, ಪತ್ರ ಆಕಿ ಕೈಯಾಗ ಕೊಡ್ತೀನಿ. ಜೋಡಿ ಒಂದು ಬಣ್ಣದ ಡಬ್ಬಿ, ಎರಡು ನೀರಿನ ಬ್ರಶ್ ಇಟ್ಟೇನಿ. ಅವು ಅಪ್ಪಾಜಿಗೆ, ಆದ್ರ ಅವ್ವಾ, ಆಪರೇಶನ್ ಆಗೂತನಾ ಟ್ರಂಕಿನಾಗ ಕೀಲಿ ಹಾಕಿ ಇಡು. ಆಕಿ ಬಾಗಲಾ ಬಡ್ಯಾಕ ಹತ್ಯಾಳ. ಕಾಕಾಗ, ಕಾಕುಗ, ವೈನಿಗೆ ನಮಸ್ಕಾರ, ಸಣ್ಣವಗ ಮುತ್ತು. ಸಕ್ಕರಿ ಚೆಕ್ ಮಾಡಿಸಿದ ಚೀಟಿ ಬುಧವಾರದೊಳಗ ಫೋಟೋ ಹೊಡದು ಕಳಸ್ರಿ, ನಂಬರ್ ನನಗ ಕಾಣಬೇಕು. ಬಾಕಿ ಫೋನಿನಾಗ.

ನಿಮ್ಮ ಮಗಳು